ಕೋವಿಗೆ ಸ್ಕೋಪ್ ಕೂರಿಸುವ ಮುನ್ನ

ರೈಫಲ್‌ನ ಸ್ಕೋಪ್ ಎಷ್ಟೇ ದುಬಾರಿಯಾಗಿರಲಿ, ಅದನ್ನು ಹಿಡಿದಿಟ್ಟ ಮೌಂಟ್ ಅಲುಗಿದರೆ ಗುರಿ ಕೆಡುತ್ತದೆ. ಮೌಂಟ್‌ನ ಎರಡು ರಿಂಗ್‌ಗಳ ನಡುವೆ 100 ಮಿ.ಮೀ. ಅಂತರವಿದ್ದು, ಒಂದು ಬದಿ ಕೇವಲ 0.1 ಮಿ.ಮೀ. ಸರಿದರೂ 100 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಗಾಜಿಗಿಂತ ಮೊದಲು ಆರಿಸಬೇಕಾದ್ದು ಮೌಂಟನ್ನೇ.

ಕರ್ನಾಟಕದಲ್ಲಿ ಕೋವಿ ಮನೆಯ ವಸ್ತುವಾಗಿ ಉಳಿದಿರುವುದು ಕೊಡಗಿನಲ್ಲಿ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ ದಿನ ಆಯುಧಗಳಿಗೆ ಪೂಜೆ ನಡೆಯುತ್ತದೆ, ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು.

ಕೊಡಗಿರಲಿ, ಬೇರೆಡೆಯಿರಲಿ, ಯಾವ ಮೌಂಟ್ ಎಂಬುದನ್ನು ಕೋವಿಯೇ ನಿರ್ಧರಿಸುತ್ತದೆ. .22 ರೈಫಲ್ ಮತ್ತು ಏರ್ ರೈಫಲ್‌ಗಳ ಮೇಲ್ಭಾಗದಲ್ಲಿ ಸಾಮಾನ್ಯವಾಗಿ 11 ಮಿ.ಮೀ. ಅಗಲದ ಡವ್‌ಟೇಲ್ ಹಳಿ ಕೊರೆದಿರುತ್ತದೆ, ರಿಂಗ್ ಅದನ್ನು ಎರಡು ಬದಿಯಿಂದ ಕಚ್ಚಿ ಹಿಡಿಯುತ್ತದೆ. ದೊಡ್ಡ ರೈಫಲ್‌ಗಳಿಗೆ ಸಾಮಾನ್ಯವಾಗಿ ಅಡ್ಡತೋಡುಗಳಿರುವ ಪಟ್ಟಿ ಬೇಕು. ಇಂಥ ಪಟ್ಟಿಗಳಲ್ಲಿ ಪಿಕಾಟಿನಿ ಪಟ್ಟಿಯ ತೋಡು 5.23 ಮಿ.ಮೀ. ಅಗಲ, ವೀವರ್ ಪಟ್ಟಿಯದು ಅದಕ್ಕಿಂತ ಕಿರಿದು. ಹಾಗಾಗಿ ವೀವರ್ ರಿಂಗ್ ಸಾಮಾನ್ಯವಾಗಿ ಪಿಕಾಟಿನಿಗೆ ಕೂರುತ್ತದೆ, ಪಿಕಾಟಿನಿ ರಿಂಗ್ ವೀವರ್‌ಗೆ ಕೂರುವುದಿಲ್ಲ.

ಕಷ್ಟ ಬರುವುದು ಇಶಾಪೋರ್ ಕಾರ್ಖಾನೆಯ .315 ರೈಫಲ್‌ನಲ್ಲಿ. ಅದು ಹಳೆಯ ಲೀ–ಎನ್‌ಫೀಲ್ಡ್ ವಿನ್ಯಾಸದ್ದು, ಸ್ಕೋಪ್ ನೆನೆದು ಮಾಡಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಅದೇ ಕುಲದ ನಂ. 4 (ಟಿ) ರೈಫಲ್‌ಗೆ ಎಡಪಕ್ಕದಲ್ಲಿ ಉಕ್ಕಿನ ಪಾದಗಳನ್ನು ಬಿಗಿದು, ಅವುಗಳಿಗೆ ಕಳಚಬಹುದಾದ ಬ್ರಾಕೆಟ್ ತಿರುಪಿದರು. ಇಂಥ ಕೋವಿಗೆ ತೂತು ಕೊರೆಯುವ ಕೆಲಸ ಪರವಾನಗಿಯುಳ್ಳ ಕುಶಲಕರ್ಮಿಯದ್ದೇ. ಒಮ್ಮೆ ತಪ್ಪಾಗಿ ಕೊರೆದ ಉಕ್ಕು ಮತ್ತೆ ಮುಂಚಿನಂತಾಗದು.

ಸ್ಪ್ರಿಂಗ್ ಏರ್ ರೈಫಲ್‌ನ ಒದೆತ ವಿಚಿತ್ರ. ಒಳಗಿನ ಪಿಸ್ಟನ್ ಮುನ್ನುಗ್ಗುವಾಗ ಕೋವಿ ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಚಿಮ್ಮುತ್ತದೆ. ಹಿಂದೊದೆತಕ್ಕೆ ಮಾತ್ರ ತಯಾರಾದ ಸ್ಕೋಪ್ ಇದರಲ್ಲಿ ಒಡೆದುಹೋಗಬಹುದು. ಇಡೀ ಒಂದೇ ತುಂಡಿನ, ಜಾರದಂತೆ ತಡೆಗೂಟವಿರುವ ಮೌಂಟ್ ಇಲ್ಲಿ ಅಗತ್ಯ.

ರಿಂಗ್‌ನ ವ್ಯಾಸ ಸ್ಕೋಪ್ ಕೊಳವೆಗೆ ಸರಿಯಾಗಬೇಕು: ಸಾಮಾನ್ಯವಾಗಿ 25.4 ಅಥವಾ 30 ಮಿ.ಮೀ. ಮುಂದಿನ ಗಾಜಿನ ಅಂಚು ನಳಿಗೆಗೆ ತಾಗದಿದ್ದರೆ, ಬೋಲ್ಟ್ ಹಿಡಿಕೆ ಎತ್ತಲು ಜಾಗವಿದ್ದರೆ, ಎತ್ತರ ಕಡಿಮೆಯಾದಷ್ಟೂ ಒಳ್ಳೆಯದು. ಎತ್ತರ ಹೆಚ್ಚಾದರೆ ಕೆನ್ನೆ ಮರದ ಹಿಡಿಯಿಂದ ಮೇಲೇಳುತ್ತದೆ. ಕಣ್ಣಿಗೂ ಸ್ಕೋಪ್‌ಗೂ ಎಂಟು–ಹತ್ತು ಸೆಂ.ಮೀ. ದೂರವಿರದಿದ್ದರೆ ಹಿಂದೊದೆತಕ್ಕೆ ಹುಬ್ಬು ಸೀಳುವುದುಂಟು.

ಕೂರಿಸುವ ಮುನ್ನ ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ತಿರುಪುಗಳ ಎಣ್ಣೆ ಒರೆಸಿ, ಒಳಗಿನ ಅಡ್ಡಗೆರೆ ನೆಲಕ್ಕೆ ಸಮವಾಗಿರುವುದನ್ನು ನೋಡಿ, ತಿರುಪುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ, ತಯಾರಕರು ಹೇಳಿದ ಬಿಗಿತಕ್ಕೆ ತರಬೇಕು. ಅತಿ ಬಿಗಿದರೆ ಕೊಳವೆ ನಗ್ಗುತ್ತದೆ.

ಒಲಿಂಪಿಕ್ಸ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪ್‌ಗೆ ಅವಕಾಶವೇ ಇಲ್ಲ. ಆ ದಾರಿ ಹಿಡಿಯುವ ಹುಡುಗ ಹುಡುಗಿಯರು ಸಣ್ಣ ರಂಧ್ರದ ಗುರಿಸಾಧನವನ್ನೇ ಕಲಿಯಬೇಕು, ಅವರಿಗೆ ಮೌಂಟ್‌ನ ಖರ್ಚಿಲ್ಲ.