ಹೊಗೆಗೊಳವೆಗೆ ಸಿಕ್ಕದ ಧೂಳು

ಕಾರ್ಖಾನೆಯೆಂದೊಡನೆ ಕಣ್ಣಿಗೆ ಕಟ್ಟುವುದು ಹೊಗೆಗೊಳವೆ. ಅದರ ತುದಿಯಲ್ಲಿ ಹೊಗೆ ಕಾಣದಿದ್ದರೆ ಗಾಳಿ ನಿರ್ಮಲವಾಗಿದೆಯೆಂದು ನಂಬುವವರೇ ಬಹುಮಂದಿ. ಈ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ತಿಳಿಯಲು ಸಿಮೆಂಟಿನ ಉದಾಹರಣೆಯೇ ಸಾಕು.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳ ನೆಲದಡಿ ಸುಣ್ಣದ ಕಲ್ಲು ಹೇರಳ. ಮಳಖೇಡವೆಂದರೆ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟ. ‘ಕವಿರಾಜಮಾರ್ಗ’ವನ್ನು ಓದಿದವರಿಗೆ ಪುಲಕ ತರುವ ಈ ಹೆಸರು ಇಂದು ಸಿಮೆಂಟಿನ ವ್ಯಾಪಾರಿಗಳಿಗೂ ಚಿರಪರಿಚಿತ!

ಸುಣ್ಣದ ಕಲ್ಲನ್ನು ಜೇಡಿಮಣ್ಣಿನೊಡನೆ ನುಣ್ಣಗೆ ಅರೆದು, ನಿಧಾನವಾಗಿ ಉರುಳುವ ಉಕ್ಕಿನ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಕಾಯಿಸುತ್ತಾರೆ. ಇಲ್ಲಿ ಹುಟ್ಟುವ ಅನಿಲಗಳ ಮೂಲ ಒಂದೇ ಅಲ್ಲ. ಇಂಧನದ ಗಂಧಕದಿಂದ ಗಂಧಕದ ಡೈಆಕ್ಸೈಡ್ ಉಂಟಾಗುತ್ತದೆ; ಅದರ ಬಹುಪಾಲನ್ನು ಗೂಡಿನೊಳಗಿನ ಸುಣ್ಣವೇ ಹೀರಿಕೊಳ್ಳುವುದು ನಮ್ಮ ಪುಣ್ಯ. ಉರಿಯ ಬೇಗೆಗೆ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದೊಡನೆ ಕೂಡಿ ವಿಷಾನಿಲವಾಗುತ್ತದೆ. ಇನ್ನು ಇಂಗಾಲದ ಡೈಆಕ್ಸೈಡ್ ಇಂಧನದಿಂದ ಮಾತ್ರವಲ್ಲ, ಕಲ್ಲಿನಿಂದಲೇ ಹೊರಡುತ್ತದೆ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ. ಮಿಕ್ಕ 44 ಕಿಲೋ ಗಾಳಿಯ ಪಾಲು. ಕಲ್ಲಿದ್ದಲನ್ನು ಬಿಟ್ಟು ಬಿಸಿಲಿನಿಂದಲೇ ಕಾಯಿಸಿದರೂ ಇದು ತಪ್ಪದು.

ಗೂಡಿನ ಧೂಳನ್ನು ಹಿಡಿಯಲು ಉಪಾಯಗಳುಂಟು. ವಿದ್ಯುತ್ತಿನ ಬಲದಿಂದ ಕಣಗಳನ್ನು ಲೋಹದ ತಗಡುಗಳಿಗೆ ಅಂಟಿಸುವುದು ಒಂದು. ಬಟ್ಟೆಯ ಚೀಲಗಳಲ್ಲಿ ಸೋಸುವುದು ಇನ್ನೊಂದು. ಸರಿಯಾಗಿ ನಡೆದರೆ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಧೂಳು ಸಿಕ್ಕಿಬೀಳುತ್ತದೆ. ಆದರೆ ಇಂಧನ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹೆಚ್ಚಿತೆನ್ನಿ. ಆಗ ಸ್ಫೋಟದ ಭಯದಿಂದ ಆ ವಿದ್ಯುತ್ತನ್ನೇ ಕಡಿದುಬಿಡಬೇಕಾಗುತ್ತದೆ. ಅಷ್ಟು ಹೊತ್ತು ಧೂಳಿಗೆ ತಡೆಯಿಲ್ಲ.

ಹೊಗೆಗೊಳವೆಯ ಹಂಗೇ ಇಲ್ಲದೆ ಏಳುವ ಧೂಳಿನ ಕಥೆ ಬೇರೆ. ಗಣಿಯಲ್ಲಿ ಬಂಡೆ ಸಿಡಿದಾಗ, ಕಲ್ಲು ಪುಡಿಯಾಗುವಾಗ, ಸಾಗುಪಟ್ಟಿಯಿಂದ ಕೆಳಗೆ ಸುರಿಯುವಾಗ, ಲಾರಿಗಳು ಮಣ್ಣುಹಾದಿಯಲ್ಲಿ ಓಡುವಾಗ ಅದು ಎದ್ದು ಪಕ್ಕದ ಹೊಲದ ತೊಗರಿಯ ಎಲೆಯ ಮೇಲೆ, ಊರವರು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆ. ಅದರಲ್ಲಿನ ಸಣ್ಣ ಕಣಗಳು ಉಸಿರಿನೊಡನೆ ಎದೆಗೂ ಇಳಿಯುತ್ತವೆ. ವಾಯುಮಾಲಿನ್ಯಕ್ಕೆ ನಮ್ಮ ದೇಶದಲ್ಲಿ 1981ರಲ್ಲೇ ಕಾಯಿದೆಯಾಯಿತು. ಕೊಳವೆಗೆ ಮಾಪಕವನ್ನು ಅಳವಡಿಸಬಹುದು, ಸರಿ, ಹಾದಿಗೆ ಅಳವಡಿಸುವುದೆಲ್ಲಿ?

ಹಾಗೆಂದು ಇದಕ್ಕೆ ಮದ್ದಿಲ್ಲವೆಂದಲ್ಲ. ಸಾಗುಪಟ್ಟಿಗೆ ಮುಚ್ಚಿಗೆ, ಲಾರಿಗೆ ಟಾರ್ಪಾಲು, ಗೇಟಿನ ಬಳಿ ಚಕ್ರ ತೊಳೆಯುವ ಹೊಂಡ, ಹಾದಿಗೆ ಡಾಂಬರು, ಇಲ್ಲವಾದರೆ ಹೊತ್ತುಹೊತ್ತಿಗೆ ನೀರು. ಅಂಗಳಕ್ಕೆ ನೀರು ಚಿಮುಕಿಸದೆ ಪೊರಕೆ ಹಿಡಿಯದ ನಮ್ಮ ಮನೆಯ ಹೆಂಗಸರು ಈ ವಿದ್ಯೆಯನ್ನು ಯಾವ ಇಂಜಿನಿಯರಿನಿಂದಲೂ ಕಲಿತವರಲ್ಲ.