ನಿಮ್ಮ ಪಹಣಿಗೂ ಉಪಗ್ರಹಕ್ಕೂ ಏನು ನಂಟು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ತಾಲ್ಲೂಕು ಕಚೇರಿಗಳಲ್ಲಿ ಇವತ್ತು ಕಂಪ್ಯೂಟರ್ ಪಹಣಿ ಸಿಗುತ್ತೆ. ಇದರ ಬೇರು ಎಲ್ಲಿದೆ ಗೊತ್ತಾ?

1976ರಲ್ಲಿ ಕೇಂದ್ರ ಸರ್ಕಾರ ಎನ್‌ಐಸಿ, ಅಂದರೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಶುರು ಮಾಡಿತು. ಅದನ್ನು ಕಟ್ಟಿ ಬೆಳೆಸಿದವರು ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ಡಾ. ಎನ್. ಶೇಷಗಿರಿ. 1980ರ ದಶಕದ ಕೊನೆಗೆ ಎನ್‌ಐಸಿಯ ನಿಕ್‌ನೆಟ್ ಜಾಲ ಜಿಲ್ಲಾ ಕೇಂದ್ರಗಳನ್ನು ದೆಹಲಿಗೆ ಜೋಡಿಸತೊಡಗಿತು. ಕೇಬಲ್ ಎಳೆದಲ್ಲ, ನೆಲದ ಮೇಲೆ ಪುಟ್ಟ ಡಿಶ್, ಮೇಲೆ ಉಪಗ್ರಹ. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು ಇದಾದ ಮೇಲೆ, 1995ರಲ್ಲಿ!

ಆದರೆ ಪಹಣಿ ಮಾತ್ರ ಗ್ರಾಮಲೆಕ್ಕಿಗರ ಕೈಬರಹದಲ್ಲೇ ಉಳಿದಿತ್ತು. ಅದನ್ನು ಬದಲಿಸಿದ್ದು ಇದೇ ಎನ್‌ಐಸಿಯ ಬೆಂಗಳೂರು ತಂಡ ಬರೆದ ‘ಭೂಮಿ’ ತಂತ್ರಾಂಶ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕು, ಸುಮಾರು 2 ಕೋಟಿ ಪಹಣಿ, ಪ್ರತಿಗೆ 15 ರೂಪಾಯಿ. ಸಿಬ್ಬಂದಿ ಬೆರಳಚ್ಚು ಕೊಟ್ಟರಷ್ಟೇ ಕಂಪ್ಯೂಟರ್ ತೆರೆಯುತ್ತಿತ್ತು. ಕೌಂಟರಿನಲ್ಲಿ ರೈತನ ಕಡೆಗೂ ಒಂದು ಪರದೆ ಇಟ್ಟಿದ್ದರು. ಒಳಗೆ ಏನು ಟೈಪ್ ಆಗುತ್ತಿದೆ ಅಂತ ಅವನೂ ನೋಡಬಹುದಿತ್ತು.

ಈಗ ಪಹಣಿ ಮೊಬೈಲಲ್ಲೇ ನೋಡಬಹುದು. ಇವತ್ತೇ ನಿಮ್ಮದನ್ನು ತೆಗೆದು ನೋಡಿ: ಸರ್ವೆ ನಂಬರ್, ಹೆಸರು, ವಿಸ್ತೀರ್ಣ, ಸಾಲದ ಕಾಲಂ. ತಪ್ಪಿದ್ದರೆ ತಡ ಮಾಡದೆ ತಿದ್ದುಪಡಿಗೆ ಅರ್ಜಿ ಕೊಡಿ.