ಅಹಮದಾಬಾದಿನ ತರಗತಿಯಿಂದ ಬಂದ ಕಣ್ಣು

ಅಹಮದಾಬಾದಿನ ಪಾಲ್ಡಿಯಲ್ಲಿ, ಸಾಬರಮತಿಯ ದಂಡೆಯ ಮೇಲೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ. ವಿನ್ಯಾಸದ ನಂಟಿರುವವರೆಲ್ಲ ಅದನ್ನು ಎನ್‌ಐಡಿ ಎನ್ನುತ್ತಾರೆ. 1961ರಲ್ಲಿ ಶುರುವಾದ ಈ ಸಂಸ್ಥೆಯ ಕೈಕೆಲಸವನ್ನು ನಾವು ಗೊತ್ತಿಲ್ಲದೆಯೇ ದಿನವೂ ನೋಡುತ್ತಿರುತ್ತೇವೆ. ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ ಅಲ್ಲಿಯದು. 1970ರ ದಶಕದಲ್ಲಿ ಅಲ್ಲಿ ಓದುತ್ತಿದ್ದ ದೇವಾಶಿಸ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸವೊಂದಕ್ಕೆ ಬರೆದುಕೊಟ್ಟ ಚಿತ್ರವನ್ನಂತೂ ಈ ದೇಶದಲ್ಲಿ ನೋಡದವರೇ ಕಡಿಮೆ.

ಅಭ್ಯಾಸ ಕೊಟ್ಟವರು ಅಧ್ಯಾಪಕ ವಿಕಾಸ್ ಸಾತ್ವಲೇಕರ್. ಮಧ್ಯೆ ಒಂದು ವೃತ್ತ, ಅದನ್ನು ಬಳಸಿಕೊಂಡು ಎರಡು ಬಾಗು. ಚಿತ್ರ ಅಷ್ಟೇ. ಒಂದು ಚೆಂಡಿನ ಮೇಲೂ ಕೆಳಗೂ ಎರಡು ಗೋಡಂಬಿಗಳನ್ನು ಎದುರುಬದುರು ಇಟ್ಟ ಹಾಗೆ. ಬಾಗುಗಳನ್ನು ಬರೆಯುವಾಗ ಚೀನಾದ ಯಿನ್-ಯಾಂಗ್ ಕಲ್ಪನೆ ತಲೆಯಲ್ಲಿತ್ತೆಂದು ಭಟ್ಟಾಚಾರ್ಯ ಮುಂದೆ ಹೇಳಿದ್ದಾರೆ. ಹೀಗೆ ತಯಾರಾದ ಚಿತ್ರಗಳು ಒಟ್ಟು 14. ಎಂಟು ವಿದ್ಯಾರ್ಥಿಗಳವು, ಆರು ಅಧ್ಯಾಪಕರವು. ಎಲ್ಲವೂ ದೆಹಲಿಗೆ ಹೋದವು. ಅವುಗಳಲ್ಲಿ ದೂರದರ್ಶನದ ಲಾಂಛನವನ್ನು ಆಯ್ಕೆ ಮಾಡಿದವರು ಆಗಿನ ಪ್ರಧಾನಿ ಇಂದಿರಾ ಗಾಂಧಿ. ಮೇಷ್ಟ್ರುಗಳ ಚಿತ್ರಗಳೂ ಸಾಲಿನಲ್ಲಿದ್ದಾಗ ಗೆದ್ದದ್ದು ಹುಡುಗನೊಬ್ಬನ ಚಿತ್ರ. ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಸಂಗತಿ ಇದೇ.

ಆದರೆ ಕಾಗದದ ಮೇಲೆ ಸುಮ್ಮನೆ ಕೂತ ಚಿತ್ರ ದೂರದರ್ಶನಕ್ಕೆ ಸಾಲದು. ಅದು ತೆರೆಯ ಮೇಲೆ ಚಲಿಸಬೇಕು. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಿತ್ತು? ಎನ್‌ಐಡಿಯ ಅನಿಮೇಷನ್ ವಿಭಾಗದವರು ಆ ಆಕಾರದ ಪ್ರತಿಗಳನ್ನು ಮಾಡಿಕೊಂಡು, ಒಂದೊಂದನ್ನೂ ಚೂರುಚೂರೇ ತಿರುಗಿಸಿ ಕ್ಯಾಮೆರಾದ ಅಡಿಯಲ್ಲಿಟ್ಟು ಚಿತ್ರೀಕರಿಸಿದರು. ಒಂದು ಚೌಕಟ್ಟು, ಇನ್ನಷ್ಟು ತಿರುಗಿಸು, ಮತ್ತೊಂದು ಚೌಕಟ್ಟು. ಶೂನ್ಯದಿಂದ ಎದ್ದ ರೇಖೆಗಳು ಸುತ್ತಿ ಸುತ್ತಿ ಕೊನೆಗೆ ಕಣ್ಣಾಗಿ ನಿಲ್ಲುವ ಆ ಕೆಲವೇ ಕ್ಷಣಗಳ ಹಿಂದೆ ಕೈಗಳ ಎಷ್ಟು ತಾಳ್ಮೆ ಇತ್ತೆಂಬುದು ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಜೊತೆಗೆ ಬರುತ್ತಿದ್ದ ಸಂಗೀತ ಪಂಡಿತ್ ರವಿಶಂಕರ್ ಅವರದು. ರವಿಶಂಕರ್ ಅವರಿಗೆ ಶಹನಾಯಿ ವಾದಕ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಜೊತೆಯಾಗಿದ್ದರು. ಅದರಲ್ಲಿ ಏನೋ ಒಂದು ದುಗುಡ ಇತ್ತು ಅಂತ ಹೇಳುವವರನ್ನು ಕಂಡಿದ್ದೇನೆ. ಸಂಜೆ ಕಾರ್ಯಕ್ರಮ ಶುರುವಾಗುತ್ತಿದೆ ಅಂದರೆ ಮನೆಪಾಠ ಇನ್ನೂ ಮುಗಿದಿಲ್ಲ ಅಂತಲೂ ಅರ್ಥವಾಗಿದ್ದ ಕಾಲ ಅದು. ದುಗುಡ ಸಂಗೀತದ್ದೋ ಕೇಳುವವರದ್ದೋ ಹೇಳುವುದು ಕಷ್ಟ.

ಕಣ್ಣು ಮೊದಲು ಮೂಡಿದ್ದು 1976ರ ಏಪ್ರಿಲ್ 1ರಂದು. ದೂರದರ್ಶನದ ಒಡೆತನದ ಕಥೆಯೂ ಅಲ್ಲೇ ಶುರುವಾಗುತ್ತದೆ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಕ್ಕೆಂದು ಆರಂಭವಾದ ಟೆಲಿವಿಷನ್ ಅಲ್ಲಿಯವರೆಗೂ ಆಕಾಶವಾಣಿಯ ಮಡಿಲ ಕೂಸು. ಆ ಏಪ್ರಿಲ್‌ನಲ್ಲಿ ಅದನ್ನು ಬೇರೆ ಮಾಡಿ, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಡಿಯಲ್ಲೇ ಸ್ವಂತ ಇಲಾಖೆಯಾಗಿಸಿದರು. ಬೇರೆ ಸಂಸಾರ ಹೂಡಿದ ಮೇಲೆ ಬೇರೆ ಗುರುತೂ ಬೇಕಾಯಿತು. ಮೊದಲ ದಿನಗಳಲ್ಲಿ ಕಣ್ಣಿನ ಕೆಳಗೆ ‘ಸತ್ಯಂ ಶಿವಂ ಸುಂದರಂ’ ಎಂಬ ಧ್ಯೇಯವಾಕ್ಯವಿತ್ತು. ದೇಶದಲ್ಲಿ ತುರ್ತುಪರಿಸ್ಥಿತಿ ಇದ್ದ ತಿಂಗಳುಗಳವು. ಮೂರರಲ್ಲಿ ಮೊದಲನೆಯದಕ್ಕೆ ಆಗ ಎಷ್ಟು ಜಾಗವಿತ್ತೆಂದು ಓದುಗರೇ ಊಹಿಸಿಕೊಳ್ಳಬಹುದು.

ಆಕಾಶವಾಣಿ ಎಂದಾಗ ಮೈಸೂರನ್ನು ಬಿಟ್ಟು ಮುಂದೆ ಹೋಗಲಾಗದು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದು ಅದಕ್ಕಿಟ್ಟ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಆ ಕೇಂದ್ರವೂ ಒಬ್ಬ ಮೇಷ್ಟ್ರ ಕೈಯಿಂದ ನಗರಸಭೆಗೆ, ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ, ಕೊನೆಗೆ ಕೇಂದ್ರ ಸರ್ಕಾರಕ್ಕೆ ಕೈ ಬದಲಿಸುತ್ತಾ ಹೋಯಿತು. ಅದರದ್ದು ಬೇರೆಯೇ ಲೇಖನವಾದೀತು.

ಕರ್ನಾಟಕದಲ್ಲಿ ಟೆಲಿವಿಷನ್ ಕಾಲಿಟ್ಟದ್ದು ಬೆಂಗಳೂರಿನಿಂದಲ್ಲ ಎಂಬುದು ಬೆಂಗಳೂರಿಗರಿಗೆ ಅಷ್ಟಾಗಿ ರುಚಿಸದ ಸತ್ಯ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಹೋಯಿತು. ನಮ್ಮಲ್ಲಿ ಅದಕ್ಕೆ ಆಯ್ಕೆಯಾದದ್ದು ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ತಂತಿಬಲೆಯ ದೊಡ್ಡ ಕೊಡೆ ನಿಲ್ಲಿಸಿ, ಊರಿಗೆ ಊರೇ ಒಂದು ಪೆಟ್ಟಿಗೆಯ ಮುಂದೆ ಕೂರುತ್ತಿತ್ತು. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಉಪಗ್ರಹದ ಗಡುವು ಮುಗಿದ ಮೇಲೆ, 1977ರಲ್ಲಿ, ಗುಲ್ಬರ್ಗಕ್ಕೆ ನೆಲದ ಪ್ರಸಾರ ಕೇಂದ್ರ ಬಂತು. ಬೆಂಗಳೂರು ದೂರದರ್ಶನ ಕಣ್ಣು ಬಿಟ್ಟದ್ದು 1981ರ ನವೆಂಬರ್‌ನಲ್ಲಿ.

ಆಮೇಲಿನದು ಬಹಳಷ್ಟು ಜನರಿಗೆ ನೆನಪಿರುವ ಕಾಲ. ತಾರಸಿಯ ಮೇಲೆ ಆಂಟೆನಾ ತಿರುಗಿಸುವ ಅಣ್ಣ, ಕೆಳಗಿನಿಂದ ‘ಬಂತು, ಬಂತು... ಅಯ್ಯೋ ಹೋಯ್ತು’ ಎಂದು ಕೂಗುವ ತಂಗಿ, ನಡುವೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಇದೇ ಕಣ್ಣಿನ ಅಡಿಯಲ್ಲಿ ದೇಶಕ್ಕೆಲ್ಲ ಹೋಯಿತು. 1990ರ ದಶಕದಲ್ಲಿ ‘ಡಿಡಿ 9’ ಎಂದು ಶುರುವಾದ ಕನ್ನಡದ ಉಪಗ್ರಹ ವಾಹಿನಿ ಮುಂದೆ ‘ಚಂದನ’ವಾಯಿತು. ‘ಮಾಯಾಮೃಗ’ ಬಂದದ್ದು ದೂರದರ್ಶನದಲ್ಲೇ. 2002ರಿಂದ ಡಾ. ನಾ. ಸೋಮೇಶ್ವರ ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದದ್ದೂ ಅಲ್ಲೇ. ಹೆಸರು ಬದಲಾಯಿತು, ಅಕ್ಷರಗಳ ಶೈಲಿ ಬದಲಾಯಿತು, ಕಪ್ಪುಬಿಳುಪಿಗೆ ಬಣ್ಣ ಬಂತು. ಎರಡು ಬಾಗುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಖಾಸಗಿ ವಾಹಿನಿಗಳ ಕಡೆ ತಿರುಗಿದರೆ ತಲೆ ಗಿರ್ರೆನ್ನುತ್ತದೆ. 1994ರಲ್ಲಿ ಬಂದ ಉದಯ ಟಿವಿ ಸನ್ ಮನೆಯಲ್ಲೇ ಉಳಿದಿದೆ. ಈಟಿವಿ ಕನ್ನಡದ ಹಾದಿ ಬೇರೆ. ರಾಮೋಜಿ ರಾವ್ ಅವರ ಸಂಸ್ಥೆ 2000ದ ಡಿಸೆಂಬರ್‌ನಲ್ಲಿ ಅದನ್ನು ಆರಂಭಿಸಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’, ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳು ಆ ಹೆಸರಿನ ಜೊತೆ ಬೆರೆತುಹೋಗಿದ್ದವು. 2012ರಲ್ಲಿ ರಿಲಯನ್ಸ್ ಬೆಂಬಲದೊಂದಿಗೆ ನೆಟ್‌ವರ್ಕ್18 ಅದನ್ನು ಕೊಳ್ಳುವುದಾಗಿ ಪ್ರಕಟಿಸಿತು. 2015ರಲ್ಲಿ ಅದು ಕಲರ್ಸ್ ಕನ್ನಡವಾಯಿತು. ಏಷ್ಯಾನೆಟ್ ಬಳಗ 2007ರಲ್ಲಿ ತೆರೆದ ಸುವರ್ಣ ಸ್ಟಾರ್ ಕೈಸೇರಿ, 2016ರಲ್ಲಿ ಸ್ಟಾರ್ ಸುವರ್ಣವಾಗಿ, ಸ್ಟಾರ್ ಜೊತೆಗೇ ಡಿಸ್ನಿಗೆ ಹೋಯಿತು. ‘ಬಿಗ್ ಬಾಸ್’ ಕನ್ನಡದ ಮೊದಲ ಮೂರು ಆವೃತ್ತಿಗಳೇ ಸಾಕು: 2013ರಲ್ಲಿ ಈಟಿವಿ, 2014ರಲ್ಲಿ ಸುವರ್ಣ, 2015ರಲ್ಲಿ ಕಲರ್ಸ್. ಮೂರು ವರ್ಷ, ತೆರೆಯ ಮೂಲೆಯಲ್ಲಿ ಮೂರು ಗುರುತು. ಮೊದಲನೆಯದೂ ಮೂರನೆಯದೂ ಒಂದೇ ವಾಹಿನಿಯವು! ಇನ್ನು 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ವ್ಯವಹಾರಗಳು ಕೂಡಿಕೊಂಡ ಮೇಲೆ, ಟಿಆರ್‌ಪಿಗಾಗಿ ಕಚ್ಚಾಡುತ್ತಿದ್ದ ಕಲರ್ಸ್ ಮತ್ತು ಸುವರ್ಣ ಒಂದೇ ಜಿಯೋಸ್ಟಾರ್ ಸೂರಿನಡಿ ಬಂದಿವೆ. ಸಂಜೆ ಧಾರಾವಾಹಿ ಹಾಕಿಕೊಂಡು ಹುರುಳಿಕಾಯಿ ಸೋಸುವ ಮನೆಯವರಿಗೆ ಇದರಿಂದ ಏನೂ ಆಗಿಲ್ಲ, ನಿಜ.

ದೂರದರ್ಶನಕ್ಕೂ ಒಡೆಯರು ಬದಲಾಗಿದ್ದಾರೆ, ಕಾಗದದ ಮೇಲಾದರೂ. ಸ್ವಾಯತ್ತ ಪ್ರಸಾರ ನಿಗಮ ಬೇಕೆಂದು 1990ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅದು ಜಾರಿಯಾಗಲು 1997 ಬರಬೇಕಾಯಿತು. ಆ ನವೆಂಬರ್‌ನಲ್ಲಿ ಹುಟ್ಟಿದ ಪ್ರಸಾರ ಭಾರತಿಯ ಅಡಿಯಲ್ಲಿ, ಎರಡು ದಶಕ ಬೇರೆಯಿದ್ದ ಆಕಾಶವಾಣಿ ಮತ್ತು ದೂರದರ್ಶನ ಮತ್ತೆ ಒಂದೇ ಛಾವಣಿಗೆ ಬಂದವು. ಹಣ ಬಹುಪಾಲು ಈಗಲೂ ಸರ್ಕಾರದ ಬೊಕ್ಕಸದ್ದೇ. ಹಣ ಕೊಡುವವರು ಯಾರೋ ಮಾತು ಅವರದೇ ಎಂಬ ದೂರೂ ಹಾಗೇ ಉಳಿದಿದೆ.

ಕಣ್ಣಿಗೆ ನಿಜವಾದ ಕಂಟಕ ಎದುರಾದದ್ದು 2017ರಲ್ಲಿ. ಯುವಜನರನ್ನು ಸೆಳೆಯಬೇಕೆಂದು ಪ್ರಸಾರ ಭಾರತಿ ಹೊಸ ಲಾಂಛನಕ್ಕೆ ಸ್ಪರ್ಧೆ ಕರೆಯಿತು. ಬಹುಮಾನ ಒಂದು ಲಕ್ಷ ರೂಪಾಯಿ. ಸಾವಿರಾರು ಚಿತ್ರಗಳು ಬಂದವು. ಸುದ್ದಿ ಹೊರಬಿದ್ದಾಗಲೇ ಪತ್ರಿಕೆಗಳವರು ಭಟ್ಟಾಚಾರ್ಯ ಅವರನ್ನು ಹುಡುಕಿಕೊಂಡು ಹೋದದ್ದು, ಅಹಮದಾಬಾದಿನ ತರಗತಿಯ ಕಥೆ ಜನಕ್ಕೆ ತಿಳಿದದ್ದು. ಕಣ್ಣಂತೂ ಉಳಿಯಿತು. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ ಸರಿಯಾಗಿ, ಡಿಡಿ ನ್ಯೂಸ್ ಕೆಂಪು ಬಿಟ್ಟು ಕೇಸರಿ ಬಣ್ಣ ತೊಟ್ಟಾಗ ಮತ್ತೊಮ್ಮೆ ಗದ್ದಲವೆದ್ದಿತು. ವಿರೋಧ ಪಕ್ಷಗಳು ರಾಜಕೀಯವೆಂದವು, ಅಧಿಕಾರಿಗಳು ಬರೀ ಅಂದಚಂದದ ವಿಷಯವೆಂದರು. ಬಣ್ಣ ಇಷ್ಟವೋ ಅಲ್ಲವೋ, ಚುನಾವಣೆಯ ನಡುವೆ ಅದಕ್ಕೆ ಏನು ಅವಸರವಿತ್ತು ಎಂದು ಕೇಳಬೇಕಾದ್ದೇ.

ಇದೆಲ್ಲದರ ನಡುವೆ ಸದ್ದಿಲ್ಲದೆ ಹೋದದ್ದು ಆಂಟೆನಾದ ಪ್ರಸಾರ. 2021ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಹಂತಹಂತವಾಗಿ ದೂರದರ್ಶನ ತನ್ನಲ್ಲಿ ಉಳಿದಿದ್ದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು, ಕೆಲವನ್ನು ಬಿಟ್ಟು, ನಿಲ್ಲಿಸಿಬಿಟ್ಟಿತು. ಚಂದನ ಈಗ ಡಿಶ್‌ನಲ್ಲಿ, ಕೇಬಲ್‌ನಲ್ಲಿ, ಮೊಬೈಲಿನಲ್ಲಿ ಸಿಗುತ್ತದೆ. ಮೊಬೈಲಿನ ತೆರೆಯಲ್ಲಿ ಕಣ್ಣು ಹೆಬ್ಬೆರಳಿನ ಉಗುರಿನಷ್ಟಾಗಿದೆ. ಸುತ್ತಿ ಸುತ್ತಿ ಬಂದು ನಿಲ್ಲುವಷ್ಟು ಹೊತ್ತು ಕಾಯುವವರೂ ಇಲ್ಲ.

ಸಿನಿಮಾ ಮುಗಿದಾಗ ಚಹಾ ಕೊಟ್ಟ ಹುಡುಗನ ಹೆಸರೂ ತೆರೆಯ ಮೇಲೆ ಬರುತ್ತದೆ. ಈ ಕೆಲವು ಕ್ಷಣಗಳ ಚಿತ್ರಕ್ಕೆ ಅಂಥ ಪಟ್ಟಿಯೇ ಇರಲಿಲ್ಲ. ಚಂದನದವರು ಮನಸ್ಸು ಮಾಡಿ, ಯಾವುದಾದರೂ ಒಂದು ಏಪ್ರಿಲ್ 1ರ ಸಂಜೆ ಆ ಹಳೆಯ ಕಪ್ಪುಬಿಳುಪು ತುಣುಕನ್ನು ಪೂರ್ತಿಯಾಗಿ ಹಾಕಿ, ಕೆಳಗೆ ದೇವಾಶಿಸ್ ಭಟ್ಟಾಚಾರ್ಯ, ವಿಕಾಸ್ ಸಾತ್ವಲೇಕರ್, ರವಿಶಂಕರ್, ಅಲಿ ಅಹ್ಮದ್ ಹುಸೇನ್ ಖಾನ್ ಅವರ ಹೆಸರುಗಳನ್ನೂ, ಕ್ಯಾಮೆರಾದ ಅಡಿ ಒಂದೊಂದೇ ಪ್ರತಿ ತಿರುಗಿಸಿದವರ ಹೆಸರುಗಳನ್ನೂ ಕನ್ನಡದಲ್ಲಿ ತೋರಿಸಿದರೆ ಖರ್ಚೇನೂ ಆಗಲಾರದು. ಮರುದಿನ ಎಂದಿನ ಗುರುತೇ ಬರಲಿ.